ಬೆಂಕಿಪೊಟ್ಟಣದೊಳಗಿನ ಕಾರು

ಶಾಲೆ ಅಂದ ಮೇಲೆ ನಿಯಮಗಳು ಇರಲೇಬೇಕು. ಕೈಗೆ ಎಷ್ಟು ಬಳೆ, ಜಡೆಗೆ ಯಾವ ಬಣ್ಣದ ಟೇಪು, ಕಂಪಾಸು ಪೆಟ್ಟಿಗೆಯಲ್ಲಿ ಏನಿರಬೇಕು ಏನಿರಬಾರದು, ಇಂಥ ಎಷ್ಟೋ ನಿಯಮಗಳನ್ನು ಇಪ್ಪತ್ತೆಂಟು ವರ್ಷಗಳಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳುತ್ತ ಬಂದವಳು ನಾನು. ಅವುಗಳಿಂದ ಲೋಕಕ್ಕೆ ಏನು ಉಪಕಾರವಾಯಿತೋ ಹೇಳಲಾರೆ. ಆದರೆ 1950ರ ದಶಕದ ಮೊದಲಲ್ಲಿ ಲಂಡನ್ನಿನ ಒಂದು ಶಾಲೆ ಮಾಡಿದ್ದ ನಿಯಮವೊಂದು ಮಾತ್ರ ಲೋಕದ ಮಕ್ಕಳಿಗೆಲ್ಲ ಉಪಕಾರ ಮಾಡಿತು. ಮಕ್ಕಳು ಮನೆಯಿಂದ ಆಟದ ಸಾಮಾನು ತರಬಹುದು, ಆದರೆ ಅದು ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕದಾಗಿರಬೇಕು. ಇದು ಆ ನಿಯಮ.

ಆ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗಿ ಬೆಂಕಿಪೊಟ್ಟಣದಲ್ಲಿ ಜೇಡವನ್ನು ತುಂಬಿಕೊಂಡು ಹೋಗುತ್ತಿದ್ದಳಂತೆ. ನಿಯಮದ ಪ್ರಕಾರ ಅದು ತಪ್ಪೇನೂ ಅಲ್ಲ ನೋಡಿ! ಅವಳ ತಂದೆ ಜ್ಯಾಕ್ ಓಡೆಲ್ ಎಂಬಾತ, ಅಚ್ಚಿನಲ್ಲಿ ಲೋಹ ಎರೆಯುವ ಕಸುಬಿನವನು. ಜೇಡದ ಕಾಟ ತಪ್ಪಲಿ ಎಂದು ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿ, ಬಣ್ಣ ಬಳಿದು, ಪೊಟ್ಟಣದಲ್ಲಿಟ್ಟು ಮಗಳ ಕೈಗೆ ಕೊಟ್ಟ. ಮರುದಿನ ತರಗತಿಯ ಮಕ್ಕಳೆಲ್ಲ ತಮಗೂ ಅಂಥದ್ದೇ ಬೇಕೆಂದು ಹಟ ಹಿಡಿದರು. 1953ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಚ್‌ಬಾಕ್ಸ್ ಕಾರುಗಳ ಹುಟ್ಟು ಹೀಗೆ. ಒಂದನೆಯ ನಂಬರಿನ ಗಾಡಿ ಅದೇ ರೋಡ್ ರೋಲರ್. ಅದರ ರಟ್ಟಿನ ಪೆಟ್ಟಿಗೆಯೂ ಬೆಂಕಿಪೊಟ್ಟಣದ ಹಾಗೆಯೇ ಇತ್ತು.

ಕಂಪನಿಯ ಹೆಸರು ಲೆಸ್ನಿ. 1947ರಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಇಬ್ಬರು ಗೆಳೆಯರು ತಮ್ಮ ಹೆಸರುಗಳ ತುಂಡುಗಳನ್ನು ಜೋಡಿಸಿ ಇಟ್ಟದ್ದು. ಇಬ್ಬರೂ ಸ್ಮಿತ್ ಆದರೂ ನೆಂಟರಲ್ಲ, ಒಂದೇ ಶಾಲೆಯಲ್ಲಿ ಓದಿ ನೌಕಾಪಡೆಯಲ್ಲಿ ದುಡಿದವರು. ಯುದ್ಧ ಮುಗಿದಿತ್ತು. ಉತ್ತರ ಲಂಡನ್ನಿನ ಎಡ್ಮಂಟನ್‌ನಲ್ಲಿ ಪಾಳುಬಿದ್ದಿದ್ದ ಹೆಂಡದಂಗಡಿಯೊಂದರಲ್ಲಿ ಕೆಲಸ ಶುರುಮಾಡಿ, ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಎರೆದು ಕೊಡುತ್ತಿದ್ದರು. ಆ ಕೆಲಸ ಕಡಿಮೆಯಾದಾಗ ಆಟಿಕೆ. ಓಡೆಲ್ ಅವರನ್ನು ಕೂಡಿಕೊಂಡ. ರಾಡ್ನಿ 1951ರಲ್ಲಿ ಬಿಟ್ಟುಹೋದ. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆಂದು ಮಾಡಿದ ಪುಟ್ಟ ಸಾರೋಟು ಹತ್ತು ಲಕ್ಷಕ್ಕೂ ಮೀರಿ ಖರ್ಚಾಯಿತು. ಆ ಹಣವೇ ಮುಂದಿನ ಕಾರುಗಳಿಗೆ ಬಂಡವಾಳ.

ಇಷ್ಟನ್ನು ಯಾವ ಪುಸ್ತಕ ತೆಗೆದರೂ ಓದಬಹುದು. ಬುದ್ಧಿವಂತ ತಂದೆ, ಜಾಣ ಮಗಳು, ಇಬ್ಬರು ಗೆಳೆಯರು. ಕಥೆ ಚೆನ್ನಾಗಿದೆ. ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಮಾತ್ರ ಬೇರೆ ದಾರಿಯಿಂದ.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಮೈಸೂರಿಗೆ ಬಂದರೆ ನಮ್ಮ ಮನೆಯ ಊಟದ ಮೇಜಿನ ಅರ್ಧ ಅವನದು. ಜಪಾನಿನ ತಮಿಯಾ ಕಂಪನಿಯ ಒಂದು ಪೆಟ್ಟಿಗೆ ತಂದಿದ್ದ. ಒಳಗೆ ಮಿನಿ ಕೂಪರ್ ಕಾರಿನ ಪ್ಲಾಸ್ಟಿಕ್ ಬಿಡಿಭಾಗಗಳು, ನಿಜವಾದ ಕಾರಿನ ಇಪ್ಪತ್ನಾಲ್ಕನೆಯ ಒಂದು ಪಾಲು ಅಳತೆಯವು. 1967ರ ಮಾಂಟೆ ಕಾರ್ಲೋ ರ್‍ಯಾಲಿ ಗೆದ್ದ ಕಾರಂತೆ. ಕೆಂಪು ಮೈ, ಬಿಳಿ ಚಾವಣಿ, ಬಾಗಿಲ ಮೇಲೆ 177 ಎಂಬ ನಂಬರು. ಆ ನಂಬರು, ಮುಂದಿನ ಫಲಕ, ಕಂಪನಿಗಳ ಗುರುತು ಎಲ್ಲವೂ ಬೇರೆಯೇ ಒಂದು ಕಾಗದದ ಮೇಲೆ ಅಚ್ಚಾಗಿ ಬಂದಿದ್ದವು. ಇವನು ಅದನ್ನು ಡೀಕಾಲ್ ಅನ್ನುತ್ತಾನೆ. ನಾನು ಜಾರುಚಿತ್ರ ಅನ್ನುತ್ತೇನೆ, ಯಾಕೆಂದರೆ ಅದು ಮಾಡುವ ಕೆಲಸವೇ ಅದು.

ಮೊದಲ ದಿನ ಅವನು ಬಣ್ಣ ಮುಟ್ಟಲೇ ಇಲ್ಲ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಕಾರಿನ ಮೈಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಒಣಗಿಸಿದ. ಅಚ್ಚಿನಿಂದ ಬಿಡಿಸುವಾಗಿನ ಎಣ್ಣೆಯ ಪಸೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲವಂತೆ. ಆಮೇಲೆ ಬೂದು ಬಣ್ಣದ ಪ್ರೈಮರ್. ಮನೆ ಕಟ್ಟಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದು ಒಣಗಿದ ಮೇಲೆ ನಯವಾದ ವಾಟರ್ ಪೇಪರಿನಿಂದ ನೀರು ಹಚ್ಚಿ ಉಜ್ಜಿದ. ನಂತರ ಚಾವಣಿಗೆ ಬಿಳಿ. ಬಿಳಿ ಒಣಗಿದ ಮೇಲೆ ಅದರ ಅಂಚಿಗೆ ಸರಿಯಾಗಿ ಟೇಪು ಅಂಟಿಸಿ ಮುಚ್ಚಿ, ಕೆಳಗಿನ ಮೈಗೆ ಕೆಂಪು. ಕೆಂಪಿನ ಮೇಲೆ ಬಿಳಿ ಹೊಡೆದರೆ ಒಳಗಿನ ಕೆಂಪು ಗುಲಾಬಿಯಾಗಿ ಇಣುಕುತ್ತದೆ. ಅದಕ್ಕೇ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕೆಂಪನ್ನೂ ಒಂದೇ ಸಲ ದಪ್ಪಗೆ ಹೊಡೆಯುವ ಹಾಗಿಲ್ಲ. ದಪ್ಪಗಾದರೆ ಬಾಗಿಲ ಸಂದಿನ ಗೆರೆ ಮುಚ್ಚಿಹೋಗಿ ಕಾರು ಸೋಪಿನ ತುಂಡಿನಂತೆ ಕಾಣುತ್ತದೆ. ಮಂಜು ಕವಿದಂತೆ ಒಂದು ಪದರ, ಒಣಗಲು ಬಿಡುವುದು, ಮತ್ತೊಂದು ಪದರ, ಹೀಗೆ ನಾಲ್ಕು ಸಲ.

ಜಾರುಚಿತ್ರದ ಕೆಲಸ ಬಂದದ್ದು ನಾಲ್ಕನೆಯ ದಿನ. ನಾನು ಬೀನ್ಸಿನ ನಾರು ತೆಗೆಯುತ್ತ ಎದುರಿಗೇ ಕುಳಿತಿದ್ದೆ. 177ನ್ನು ಕಾಗದದಿಂದ ಅಂಚು ಬಿಡದೆ ಕತ್ತರಿಸಿದ. ಚಿಮುಟದಲ್ಲಿ ಹಿಡಿದು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಅರ್ಧ ನಿಮಿಷ ಹಾಗೇ ಇಟ್ಟ. ಕಾಗದಕ್ಕೂ ಚಿತ್ರಕ್ಕೂ ನಡುವೆ ಒಂದು ಗೋಂದಿನ ಪದರ ಇರುತ್ತದೆ. ಅದು ನೀರಿನಲ್ಲಿ ಕರಗಿದಾಗ ಮೇಲಿನ ಚಿತ್ರ, ಹಾಲಿನ ಕೆನೆಗಿಂತ ತೆಳುವಾದದ್ದು, ಕಾಗದವನ್ನು ಬಿಟ್ಟು ಜಾರಲು ಸಿದ್ಧವಾಗುತ್ತದೆ. ಕಾಗದವನ್ನು ಬಾಗಿಲಿಗೆ ತಾಗಿಸಿಟ್ಟು ಚಿತ್ರವನ್ನು ಒದ್ದೆ ಕುಂಚದ ತುದಿಯಿಂದ ಮೆಲ್ಲಗೆ ಜಾರಿಸಬೇಕು. ನೀರು ಆರುವುದರೊಳಗೆ ಆಚೆಈಚೆ ಸರಿಸಿಕೊಳ್ಳಬಹುದು. ಆರಿದ ಮೇಲೆ ಬ್ರಹ್ಮ ಬಂದರೂ ಆಗದು. ಅಡಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಆ ಜಾಗ ಬೆಳ್ಳಿಯ ಹಾಗೆ ಹೊಳೆದು ಗುಟ್ಟು ರಟ್ಟು ಮಾಡುತ್ತದೆ. ಮೈ ಹೊಳಪಾಗಿದ್ದರೆ ಗಾಳಿ ಉಳಿಯುವುದಿಲ್ಲ. ಅದಕ್ಕೇ ಬಣ್ಣಕ್ಕೆ ಅಷ್ಟು ಉಪಚಾರ. ಕೊನೆಗೆ ಒಂದು ಔಷಧದ ಹನಿ ಸವರಿದ. ನಂಬರು ಒಣಗಿದ ಬಾಳೆಲೆಯ ಹಾಗೆ ಮುದುಡಿತು. ನಾನು ಅಯ್ಯೋ ಅಂದೆ. “ಮುಟ್ಟಬೇಡಿ ಅತ್ತೆ, ಅದೇ ಸರಿಹೋಗುತ್ತೆ,” ಅಂದ. ಹತ್ತು ನಿಮಿಷಕ್ಕೆ ಅದು ತಾನೇ ಬಿಗಿದುಕೊಂಡು, ಬಾಗಿಲ ಗೆರೆಯೊಳಕ್ಕೂ ಇಳಿದು, ಬಣ್ಣವೇ ಆಗಿಹೋಯಿತು. ಎರಡು ದಿನ ಬಿಟ್ಟು ಅದರ ಮೇಲೆ ವಾರ್ನಿಷ್.

ಇಷ್ಟೂ ಹೊತ್ತು ನಾನು ನೋಡುತ್ತಿದ್ದದ್ದು ಅವನ ಮಣಿಕಟ್ಟನ್ನು. ಬಲಗೈಯ ಕೆಳಗೆ ನನ್ನದೇ ಎರಡು ದಪ್ಪ ನಿಘಂಟುಗಳನ್ನು ಪೇರಿಸಿಟ್ಟುಕೊಂಡು ಅದರ ಮೇಲೆ ಮಣಿಕಟ್ಟನ್ನು ಊರಿದ್ದ. “ಕೈ ಊರದೇ ಇದ್ದರೆ ನಡುಗುತ್ತೆ ಅತ್ತೆ. ಯಾರಿಗಾದರೂ ನಡುಗುತ್ತೆ.” ಒಂದು ಕಾರಿಗೆ ಒಂದು ವಾರ. ಹಾಗಾದರೆ ಆ ಬೆಂಕಿಪೊಟ್ಟಣದ ಕಾರುಗಳನ್ನು ದಿನಕ್ಕೆ ಲಕ್ಷಗಟ್ಟಲೆ ಮಾಡುತ್ತಿದ್ದರಲ್ಲ, ಅವುಗಳಿಗೆ ಹೇಗೋ ಅಂಟಿಸುತ್ತಿದ್ದರು ಎಂದು ಕೇಳಿದೆ. “ಮೆಷಿನ್ ಇರುತ್ತೆ ಬಿಡಿ,” ಅಂದ.

ಆ ಮಾತಿನ ಬೆನ್ನು ಹತ್ತಿ ಹೋದದ್ದಕ್ಕೆ ಈ ಬರಹ.

ಚಿತ್ರವನ್ನು ಒಂದು ಕಡೆ ಅಚ್ಚು ಮಾಡಿ ಇನ್ನೊಂದು ಕಡೆಗೆ ದಾಟಿಸುವ ವಿದ್ಯೆ ಕಾರುಗಳಿಗಿಂತ ಹಳೆಯದು. ಅದು ಬೆಳೆದದ್ದು ಪಿಂಗಾಣಿಯ ಮೇಲೆ. 1756ರ ಜುಲೈ 27ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜಾನ್ ಸ್ಯಾಡ್ಲರ್, ಗೈ ಗ್ರೀನ್ ಎಂಬಿಬ್ಬರು ಬೇರೆಯವರ ನೆರವಿಲ್ಲದೆ ಆರು ಗಂಟೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಹೆಂಚುಬಿಲ್ಲೆಗಳ ಮೇಲೆ ಚಿತ್ರ ಮೂಡಿಸಿದರೆಂದು ಪ್ರಮಾಣಪತ್ರ ಮಾಡಿಸಿಟ್ಟಿದ್ದಾರೆ. ನುರಿತ ನೂರು ಚಿತ್ರಕಾರರು ಅಷ್ಟು ಹೊತ್ತಿನಲ್ಲಿ ಬಿಡಿಸುವುದಕ್ಕಿಂತ ಇದು ಹೆಚ್ಚು ಎಂದೂ ಅದರಲ್ಲಿ ಹೇಳಿದೆ. ಸ್ಯಾಡ್ಲರನಿಗೆ ಈ ಯೋಚನೆ ಬಂದದ್ದು ಮಕ್ಕಳಿಂದ ಎಂಬ ಕಥೆಯೂ ಉಂಟು. ಅವನು ಎಸೆದ ಅಚ್ಚಿನ ಕಾಗದಗಳನ್ನು ಮಕ್ಕಳು ಒಡೆದ ಪಿಂಗಾಣಿ ಚೂರುಗಳಿಗೆ ಅಂಟಿಸಿ ಆಡುತ್ತಿದ್ದರಂತೆ. ನಿಜವೋ ಸುಳ್ಳೋ, ಇಲ್ಲಿಯೂ ಮಕ್ಕಳ ಆಟವೇ ಮೂಲವಾದದ್ದು ನನಗೆ ಇಷ್ಟವಾಯಿತು.

ಲಿವರ್‌ಪೂಲ್‌ನಿಂದ ಈ ವಿದ್ಯೆ ಸ್ಟ್ಯಾಫರ್ಡ್‌ಶೈರಿನ ಕುಂಬಾರಿಕೆಯ ಊರುಗಳಿಗೆ ಹೋಯಿತು. ನೀಲಿ ಮರ, ನೀಲಿ ಸೇತುವೆ, ನೀಲಿ ಹಕ್ಕಿಗಳ ಬಿಳಿ ತಟ್ಟೆಗಳನ್ನು ಹಳೆಯ ಮನೆಗಳ ಗಾಜಿನ ಬೀರುಗಳಲ್ಲಿ ನೀವೂ ನೋಡಿರಬಹುದು. ಅವೆಲ್ಲ ಈ ರೀತಿಯವು. ಅಲ್ಲಿ ಒಂದೊಂದು ತಂಡ ಹೀಗಿರುತ್ತಿತ್ತು: ತಾಮ್ರದ ತಗಡಿಗೆ ಬಣ್ಣ ತುಂಬಿ ತೆಳು ಕಾಗದದ ಮೇಲೆ ಅಚ್ಚೊತ್ತುವವನು ಗಂಡಸು. ಆ ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವವಳು ಒಬ್ಬ ಚಿಕ್ಕ ಹುಡುಗಿ. ಕತ್ತರಿಸಿದ್ದನ್ನು ತಟ್ಟೆಯ ಮೇಲೆ ಸುಕ್ಕು ಬಾರದಂತೆ ಕೂರಿಸಿ, ಮೆದು ಸೋಪು ಹಚ್ಚಿದ ಬಿರುಸು ಬ್ರಷ್ಷಿನಿಂದ ಬಲವಾಗಿ ತಿಕ್ಕುವವಳು ಹೆಂಗಸು. ಅವಳ ಕೈಕೆಳಗೆ ಕೆಲಸ ಕಲಿಯುವ ಇನ್ನೊಬ್ಬಳು. ಆಮೇಲೆ ತಟ್ಟೆಯನ್ನು ನೀರಿನಲ್ಲಿ ಅದ್ದಿದರೆ ಕಾಗದ ಕಳಚಿ ಚಿತ್ರ ಉಳಿಯುತ್ತದೆ. ದುಂಡನೆಯ ಬಟ್ಟಲಿಗೆ ಚಪ್ಪಟೆ ಕಾಗದವನ್ನು ಹೊಂದಿಸುವುದು, ಹೂಬಳ್ಳಿಯ ಅಂಚಿನ ಎರಡು ತುದಿ ಕೂಡುವ ಜಾಗ ಕಾಣದ ಹಾಗೆ ಮಾಡುವುದು, ಇದು ರವಿಕೆಗೆ ತೋಳು ಕೂರಿಸುವುದಕ್ಕಿಂತ ಕಷ್ಟದ ಕೆಲಸ. ಹೆಸರು ಮಾತ್ರ ತಟ್ಟೆಯ ಅಡಿಯಲ್ಲಿ ಯಜಮಾನನದು.

ಆ ಊರುಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ಆವಿಗೆಯಿಂದ ಹೊರಬಂದಾಗ ಸರಿಯಾಗಿರುವ ಮಾಲಿಗೆ ಮಾತ್ರ ಕೂಲಿ. ಬೆಂಕಿ ಹೆಚ್ಚಾಗಿ ಸೀಳು ಬಿಟ್ಟರೂ, ಹೊರುವವನು ಎಡವಿದರೂ, ಮೊದಲೇ ಅದರ ಕೆಲಸ ಮುಗಿಸಿದವರ ಕೂಲಿಗೆ ಕತ್ತರಿ. ಇದನ್ನು ಓದುವಾಗ ಮೂಡಿದ ಸಿಟ್ಟು ಇನ್ನೊಂದು ಸಂಗತಿ ಓದಿದಾಗ ಇಮ್ಮಡಿಯಾಯಿತು. ಪಿಂಗಾಣಿಯ ಮೇಲೆ ಕೈಯಿಂದಲೇ ಚಿತ್ರ ಬಿಡಿಸುವ, ಚಿನ್ನದ ಗೆರೆ ಎಳೆಯುವ ಸೂಕ್ಷ್ಮ ಕೆಲಸಕ್ಕೆ ಮಣಿಕಟ್ಟು ಊರಲು ಮರದ ಒಂದು ಆಸರೆ ಇಟ್ಟುಕೊಳ್ಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಡಸು ಚಿತ್ರಕಾರರು ಹೆಂಗಸರು ಆ ಆಸರೆಯನ್ನು ಬಳಸಕೂಡದೆಂದು ಹಟ ಹಿಡಿದು ತಡೆದರು. ಆಸರೆ ಇಲ್ಲದ ಕೈ ನಡುಗುತ್ತದೆ. ನಡುಗುವ ಕೈಗೆ ಸೂಕ್ಷ್ಮದ ಕೆಲಸ ಸಿಗದು. ಸೂಕ್ಷ್ಮದ ಕೆಲಸವಿಲ್ಲದವರಿಗೆ ಕೂಲಿ ಕಡಿಮೆ. ಹೆಂಗಸರಿಗೆ ದೊಡ್ಡ ಕೆಲಸ ಬರುವುದಿಲ್ಲ ಎಂದು ಆಮೇಲೆ ಹೇಳಲು ಎಷ್ಟು ಸುಲಭ! ಒಂದು ಮರದ ತುಂಡಿನಿಂದ ಇಷ್ಟೆಲ್ಲ ಆಗುತ್ತದೆ.

ಅದೇ ಶತಮಾನದ 1860ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳ ಅನುಕೂಲಸ್ಥ ಮನೆಗಳ ಹೆಂಗಸರಿಗೆ ಈ ಅಂಟುಚಿತ್ರಗಳ ಹುಚ್ಚು ಹಿಡಿದದ್ದೂ ಉಂಟು. ಹೂದಾನಿ, ಪೆಟ್ಟಿಗೆ, ಬೀಸಣಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಅಂಟಿಸಿದರು. ಡೀಕಾಲ್ ಎಂಬ ಹೆಸರೇ ಆ ಕಾಲದ ಡೀಕಾಲ್ಕೋಮೇನಿಯ ಎಂಬ ಉದ್ದ ಮಾತಿನ ತುಂಡು. ಅವರ ಪಾಲಿಗೆ ಅದು ಹವ್ಯಾಸ.

ನಮ್ಮ ಮನೆಗಳಿಗೂ ಈ ಜಾರುಚಿತ್ರ ನಾವು ಅರಿಯದೆಯೇ ಬಂದಿದೆ. ಹಳೆಯ ಸಿಂಗರ್ ಹೊಲಿಗೆ ಯಂತ್ರದ ಕಪ್ಪು ಮೈಮೇಲಿನ ಚಿನ್ನದ ಬಳ್ಳಿಗಳನ್ನು ನೆನಪು ಮಾಡಿಕೊಳ್ಳಿ. ಕೆಲವು ಯಂತ್ರಗಳಲ್ಲಿ ಹೆಣ್ಣಿನ ಮುಖ, ಸಿಂಹದ ಮೈ ಇರುವ ಈಜಿಪ್ಟಿನ ಸ್ಫಿಂಕ್ಸ್ ಕೂಡ ಇರುತ್ತಿತ್ತು. ಅದು ಕುಂಚದಿಂದ ಬರೆದದ್ದಲ್ಲ, ಡೀಕಾಲ್. ಎರಕದ ಕಬ್ಬಿಣಕ್ಕೆ ಕಪ್ಪು ಬಣ್ಣ, ಅದರ ಮೇಲೆ ಜಾರುಚಿತ್ರ, ಅದರ ಮೇಲೆ ವಾರ್ನಿಷ್. ಆ ಪುಟ್ಟ ಕಾರಿಗೆ ನಮ್ಮ ಹುಡುಗ ಮಾಡಿದ ಕ್ರಮವೇ. ಬಟ್ಟೆ ಉಜ್ಜಿ ಉಜ್ಜಿ ಬಲಗಡೆಯ ಬಳ್ಳಿ ಮೊದಲು ಅಳಿಸುತ್ತಿತ್ತು.

ಈಗ ಮತ್ತೆ ಬೆಂಕಿಪೊಟ್ಟಣಕ್ಕೆ ಬರೋಣ. ಲೆಸ್ನಿ ಕಂಪನಿ ಬೆಳೆದು ಪೂರ್ವ ಲಂಡನ್ನಿನ ಹ್ಯಾಕ್ನಿಗೆ ಹೋಯಿತು. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. ಸುತ್ತಲಿನ ಬಡಾವಣೆಗಳಿಂದ ಅವರನ್ನು ಕರೆತರಲು ಕಂಪನಿಯೇ ಬಸ್ಸು ಕಳಿಸುತ್ತಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ಶಾಲೆ ಬಿಡುವ ಹೊತ್ತಿಗೆ ಹೋಗಿ ಸೇರುವಂಥ ಪಾಳಿಗಳಿದ್ದವು. ಸತುವಿನ ಮಿಶ್ರಲೋಹವನ್ನು ಕರಗಿಸಿ ಒತ್ತಡದಿಂದ ಅಚ್ಚಿಗೆ ನುಗ್ಗಿಸಿ ಕಾರಿನ ಮೈ ಎರೆಯುವುದು ಯಂತ್ರ. ಅಂಚಿನ ಮುಳ್ಳುಗಳನ್ನು ಉದುರಿಸಲು ರಾಶಿರಾಶಿಯಾಗಿ ಹಾಕಿ ತಿರುಗಿಸುವುದೂ ಯಂತ್ರ. ಬಣ್ಣ ಸ್ಪ್ರೇ ಮಾಡಿ ಒಲೆಯಲ್ಲಿ ಬೇಯಿಸುತ್ತಿದ್ದರು. ಆಮೇಲೆ ಶುರುವಾಗುವುದು ಕೈಗಳ ಕೆಲಸ. ದೀಪಕ್ಕೆ, ಮುಂದಿನ ಜಾಲರಿಗೆ ಬೆಳ್ಳಿ ಬಣ್ಣ ಕೊಡಲು ರಂಗೋಲಿ ಅಚ್ಚಿನ ಹಾಗೆ ತೂತುಗಳಿದ್ದ ತಗಡನ್ನು ಮುಖಕ್ಕೆ ಒತ್ತಿ ಹಿಡಿದು ಬಣ್ಣ ಊದುವವರು ಕೆಲವರು. ಚಕ್ರ, ಅಚ್ಚುಗಂಬಿ, ಕಿಟಕಿ ಜೋಡಿಸುವವರು ಕೆಲವರು. ಜಾರುಚಿತ್ರಗಳನ್ನು ನೀರಿನಿಂದ ತೆಗೆದು ಒಂದೊಂದಾಗಿ ಅಂಟಿಸುವವರು ಕೆಲವರು.

ಐದನೆಯ ನಂಬರಿನ ಗಾಡಿ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸು. ಬೆರಳಷ್ಟುದ್ದದ ಬಸ್ಸಿನ ಎರಡೂ ಪಕ್ಕದಲ್ಲಿ, ನಿಜವಾದ ಬಸ್ಸಿನಲ್ಲಿರುವ ಹಾಗೆಯೇ, ಜಾಹೀರಾತು. ಮೋಟಾರು ಎಣ್ಣೆಯದು, ಸಿಗರೇಟಿನದು, ಪೇರಳೆಯ ಪಾನೀಯದ್ದು. ಮಕ್ಕಳ ಆಟಿಕೆಗೆ ಸಿಗರೇಟಿನ ಜಾಹೀರಾತು ಏನು ಚಂದವೋ! ಅದು ಬೇರೆ ಮಾತು. ನಮ್ಮ ಹುಡುಗ ಉಸಿರು ಬಿಗಿಹಿಡಿದು ಒಂದು ಬಾಗಿಲಿಗೆ ಕಾಲು ಗಂಟೆ ತೆಗೆದುಕೊಂಡ ಕೆಲಸವನ್ನು ಆ ಹೆಂಗಸರು ಬಸ್ಸಿಗೆ ಎರಡರಂತೆ, ಪಕ್ಕದವಳೊಡನೆ ಮಕ್ಕಳ ಕೆಮ್ಮಿನ ಬಗ್ಗೆಯೋ ಸಂಜೆಯ ಅಡಿಗೆಯ ಬಗ್ಗೆಯೋ ಮಾತಾಡುತ್ತ ಪಾಳಿಪೂರ್ತಿ ಮಾಡಿರಬೇಕು. ಮಾತಾಡುತ್ತಿದ್ದರೆಂಬುದು ನನ್ನ ಊಹೆ. ಕೈಗೆ ಕೆಲಸ ರೂಢಿಯಾದ ಹೆಂಗಸರು ಸುಮ್ಮನಿರುವುದನ್ನು ನಾನು ಕಂಡಿಲ್ಲ.

ಕಂಡಿಲ್ಲ ಎಂದು ಧೈರ್ಯವಾಗಿ ಹೇಳಲು ಕಾರಣ ನನ್ನ ಅಮ್ಮ. ಸುಮಾರು 1978ರಿಂದ ಎಂಟು ಒಂಬತ್ತು ವರ್ಷ ಅವಳು ಮೈಸೂರಿನ ನಮ್ಮ ವಠಾರದಲ್ಲಿ ಊದುಬತ್ತಿಯ ಪೊಟ್ಟಣಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಕೆಲವು ಮನೆಯವರು ಬತ್ತಿ ಹೊಸೆಯುತ್ತಿದ್ದರು. ಅಮ್ಮನಿಗೆ ಧೂಳಿಗೆ ದಮ್ಮು ಬರುತ್ತಿದ್ದುದರಿಂದ ಲೇಬಲ್ ಕೆಲಸ ಹಿಡಿದಳು. ಮೈದಾ ಹಿಟ್ಟಿನ ಸರಿ ಕಾಯಿಸಿ ಒಂದಿಷ್ಟು ಮೈಲುತುತ್ತ ಹಾಕಿ ಕದಡಿ ತಟ್ಟೆಗೆ ಬಳಿಯುವುದು, ಲೇಬಲ್ಲನ್ನು ಅದರ ಮೇಲೆ ಮಗುಚಿ ಎತ್ತುವುದು, ಪೊಟ್ಟಣದ ಅಂಚಿಗೆ ಸರಿಯಾಗಿ ಕೂರಿಸಿ ಹೆಬ್ಬೆರಳಿನಿಂದ ನಡುವಿನಿಂದ ಹೊರಕ್ಕೆ ತೀಡುವುದು. ನಮ್ಮ ಹುಡುಗ ಬಟ್ಟೆಯ ತುಂಡಿನಿಂದ ನಂಬರನ್ನು ನಡುವಿನಿಂದ ಹೊರಕ್ಕೆ ಒತ್ತುವಾಗ ನನ್ನ ಕೈಯ ಬೀನ್ಸು ಹಾಗೆಯೇ ನಿಂತದ್ದು ಅದಕ್ಕೇ. ಲೆಕ್ಕ ಗ್ರೋಸಿನದು, ಅಂದರೆ ಹನ್ನೆರಡು ಡಜನ್ನಿನದು. ವಾರಕ್ಕೊಮ್ಮೆ ಬರುವ ಮೇಸ್ತ್ರಿ ಲೇಬಲ್ ಸೊಟ್ಟಗಿದೆ, ಅಂಟು ಹೊರಗೆ ಬಂದಿದೆ ಎಂದು ಎತ್ತಿಟ್ಟ ಪೊಟ್ಟಣಗಳಿಗೆ ದುಡ್ಡಿಲ್ಲ. ಹಾಗೆ ಎತ್ತಿಟ್ಟ ಪೊಟ್ಟಣಗಳನ್ನೂ ಅವನು ಚೀಲಕ್ಕೆ ಹಾಕಿಕೊಂಡೇ ಹೋಗುತ್ತಿದ್ದ. ಅವು ಅಂಗಡಿಯಲ್ಲಿ ಮಾರಾಟವಾಗುವುದನ್ನು ಅಮ್ಮ ಕಣ್ಣಾರೆ ಕಂಡಿದ್ದಳು. “ಕೇಳಮ್ಮ,” ಅಂದರೆ, “ಕೇಳಿದರೆ ಮುಂದಿನ ವಾರ ಮಾಲು ಕೊಡಲ್ಲ ಕಣೆ,” ಅನ್ನುತ್ತಿದ್ದಳು. ನನ್ನ ಹೈಸ್ಕೂಲಿನ ಪುಸ್ತಕಗಳು ಬಂದದ್ದು ಆ ಅಂಟಿನಿಂದ.

1981ರ ಜನಗಣತಿಗೆ ಬಂದ ಮೇಷ್ಟ್ರು ಬಾಗಿಲಲ್ಲಿ ನಿಂತು ಅಮ್ಮನನ್ನು ಏನು ಕೆಲಸ ಎಂದು ಕೇಳಿದ್ದು ನನಗೆ ನೆನಪಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ “ನಂದೇನು ಕೆಲಸ, ಮನೇಲೇ ಇರ್ತೀನಲ್ಲ” ಅಂದಳು. ಅವರು ಹಾಗೇ ಬರೆದುಕೊಂಡರು. ಬೆರಳಿನಲ್ಲಿ ಇನ್ನೂ ಹಸಿ ಅಂಟಿತ್ತು. ಮೂವತ್ತು ವರ್ಷಗಳ ಮೇಲೆ, 2011ರಲ್ಲಿ, ಶಾಲೆಯಿಂದ ನನ್ನನ್ನೂ ಗಣತಿಗೆ ಹಾಕಿದ್ದರು. ಬಿಸಿಲಿನಲ್ಲಿ ಮನೆಮನೆ ತಿರುಗುವಾಗ ಉಳಿದವರಿಗಿಂತ ನನ್ನ ಕೆಲಸ ನಿಧಾನವಾಯಿತು. ಮನೆಯಲ್ಲೇ ಇರ್ತೀನಿ ಎಂದ ಪ್ರತಿ ಹೆಂಗಸಿಗೂ ಎರಡನೆಯ ಸಲ, ಬೀಡಿ ಕಟ್ಟುತ್ತೀರಾ, ಹೂ ಕಟ್ಟುತ್ತೀರಾ, ಫಾಲ್ಸ್ ಹೊಲಿಯುತ್ತೀರಾ ಎಂದು ಬಿಡಿಸಿ ಕೇಳುತ್ತಿದ್ದೆ. ಹೂಂ ಅಂದವರು ಕಡಿಮೆಯಿರಲಿಲ್ಲ.

ಹ್ಯಾಕ್ನಿಯ ಹೆಂಗಸರದು ಕಾರ್ಖಾನೆಯ ಕೆಲಸ, ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಕೆಲಸ. ಅಮ್ಮನ ಸ್ಥಿತಿಗಿಂತ ಎಷ್ಟೋ ಮೇಲು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕಂಪನಿಗೆ 1966ರಲ್ಲಿ ರಾಣಿಯ ಉದ್ಯಮ ಪ್ರಶಸ್ತಿ ಬಂದದ್ದು, 1968ರಲ್ಲಿ ಸ್ಮಿತ್ ಮತ್ತು ಓಡೆಲ್ ಇಬ್ಬರಿಗೂ ಓ.ಬಿ.ಇ. ಗೌರವ ಬಂದದ್ದು ಎಲ್ಲ ಕಡೆ ಬರೆದಿದೆ. ಬಸ್ಸಿನ ಮೇಲಿನ ಅಕ್ಷರ ನೆಟ್ಟಗೆ ನಿಂತದ್ದು ಯಾರ ಬೆರಳಿನಿಂದ ಎಂಬುದನ್ನು ಹುಡುಕಲು ನಾನು ಪುಟಗಳನ್ನು ತಿರುವಿಹಾಕಬೇಕಾಯಿತು. ಸಿಕ್ಕಿದ್ದು “ಹೆಂಗಸರು” ಎಂಬ ಒಂದು ಮಾತು ಮತ್ತು ಬಿಳಿ ದೀಪಗಳ ಕೆಳಗೆ ಸಾಲಾಗಿ ತಲೆ ತಗ್ಗಿಸಿ ಕುಳಿತವರ ಫೋಟೋಗಳು.

ಓ.ಬಿ.ಇ. ಬಂದ ವರ್ಷವೇ ಕೇಡುಗಾಲವೂ ಬಂತು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಎಂಬ ಹದಿನಾರು ಕಾರುಗಳನ್ನು ಬಿಟ್ಟಿತು. ಹೊಳಪು ಕೊಟ್ಟ ಲೋಹದ ಮೇಲೆ ಒಳಗಿನದು ಕಾಣುವಂಥ ಬಣ್ಣದ ಮೆರುಗು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಥಳಥಳ. ತಳ್ಳಿದರೆ ನಿಲ್ಲದೆ ಓಡುವ ತೆಳು ಅಚ್ಚುಗಂಬಿ. ಲಂಡನ್ನಿನ ಗಂಭೀರ ಬಣ್ಣದ ಕಾರುಗಳು ಅವುಗಳ ಪಕ್ಕದಲ್ಲಿ ಅಜ್ಜಂದಿರ ಹಾಗೆ ಕಂಡವು. ಲೆಸ್ನಿಯೂ ಮರುವರ್ಷ ಸೂಪರ್‌ಫಾಸ್ಟ್ ಎಂದು ಓಡುವ ಚಕ್ರ ಹಾಕಿತು. ಜಾರುಚಿತ್ರದ ಜಾಗಕ್ಕೆ ಅಂಟು ಬಳಿದೇ ಬರುವ ಸ್ಟಿಕ್ಕರ್‌ಗಳು ಅದಕ್ಕೂ ಮೊದಲೇ ಬರತೊಡಗಿದ್ದವು. ಎಪ್ಪತ್ತರ ದಶಕದಲ್ಲಿ ಬಂದದ್ದು ಟ್ಯಾಂಪೋ ಎಂಬ ಅಚ್ಚು. ರಬ್ಬರಿನಂಥ ಮೆತ್ತನೆಯ ಗುಂಡು ಬಣ್ಣವನ್ನು ಎತ್ತಿಕೊಂಡು ಬಂದು ಕಾರಿನ ಉಬ್ಬು ತಗ್ಗುಗಳಿಗೆ ಒತ್ತಿ, ಕಣ್ಣು ಮಿಟುಕಿಸುವುದರಲ್ಲಿ ಚಿತ್ರ ಮೂಡಿಸಿ ಹೋಗುತ್ತದೆ. ಮೆಷಿನ್ ಇರುತ್ತೆ ಎಂದು ನಮ್ಮ ಹುಡುಗ ಹೇಳಿದ್ದು ಈ ಕಾಲದಿಂದೀಚೆಗೆ ನಿಜ. ಒದ್ದೆ ಬೆರಳಿನ ಕೆಲಸ ಅಲ್ಲಿಗೆ ಮುಗಿಯಿತು. ಲೆಸ್ನಿ 1982ರ ಜೂನಿನಲ್ಲಿ ದಿವಾಳಿಯಾಯಿತು. ಹೆಸರು ಮತ್ತು ಅಚ್ಚುಗಳು ಯೂನಿವರ್ಸಲ್ ಎಂಬ ಕಂಪನಿಗೆ ಮಾರಾಟವಾಗಿ ಕಾರುಗಳ ತಯಾರಿಕೆ ಪೂರ್ವ ಏಷ್ಯದ ಕಡೆಗೆ ಹೋಯಿತು. ಕೈಯಿಂದ ಕೈಗೆ ದಾಟಿ 1997ರಲ್ಲಿ ಮ್ಯಾಚ್‌ಬಾಕ್ಸ್ ಸೇರಿದ್ದು ಅದನ್ನು ಸೋಲಿಸಿದ ಮ್ಯಾಟೆಲ್ ಮನೆಯನ್ನೇ.

ಅದರ ದೊಡ್ಡಣ್ಣನಂತಿದ್ದ ಡಿಂಕಿ ಟಾಯ್ಸ್ ಕಥೆಯೂ ಹಾಗೆಯೇ ಆಯಿತು. ಸ್ಯಾಡ್ಲರ್ ಮತ್ತು ಗ್ರೀನ್ ಇದ್ದ ಅದೇ ಲಿವರ್‌ಪೂಲ್‌ನ ಬಿನ್ಸ್ ರಸ್ತೆಯ ಕಾರ್ಖಾನೆ ಅದು. ಅಲ್ಲಿಯ ಕೆಲವು ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಕ್ಕೆ ಬಂದು, ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ಭಾರತದ ಮಕ್ಕಳಿಗೆ ಕಾರುಗಳಾದವು. 1979ರ ನವೆಂಬರಿನಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆ ಮುಚ್ಚುತ್ತೇವೆಂದಾಗ ಕೆಲಸಗಾರರು ಮನೆಗೆ ಹೋಗದೆ ಒಳಗೇ ಕುಳಿತುಬಿಟ್ಟರು. ಆದರೂ ಅದು ಮತ್ತೆ ತೆರೆಯಲ್ಪಡಲಿಲ್ಲ.

ಈಗ ಆ ಹಳೆಯ ಬಸ್ಸುಗಳನ್ನು ಸಂಗ್ರಹಿಸುವವರಿದ್ದಾರೆ. ಅವರು ಬೆಲೆ ಕಟ್ಟುವುದು ಲೋಹಕ್ಕಲ್ಲ, ಜಾರುಚಿತ್ರಕ್ಕೆ. ಒಂದೇ ಅಚ್ಚಿನ ಒಂದೇ ಕೆಂಪಿನ ಬಸ್ಸು, ಮೋಟಾರು ಎಣ್ಣೆಯ ಜಾಹೀರಾತಿದ್ದರೆ ಒಂದು ಬೆಲೆ. ಅಪರೂಪದ ಪೇರಳೆ ಪಾನೀಯದ್ದೋ ಬ್ಯಾರನ್ ಆಫ್ ಬೀಫ್ ಎಂಬ ಖಾನಾವಳಿಯದೋ ಇದ್ದರೆ ಅದರ ಹಲವು ಪಟ್ಟು. ಅಂಚು ಹರಿದಿದೆಯೇ, ಬಣ್ಣ ಹಳದಿಗಟ್ಟಿದೆಯೇ, ನೆಟ್ಟಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಾರೆ. ನಮ್ಮ ಹುಡುಗ ಫೋನಿನಲ್ಲಿ ಅಂಥ ಒಂದು ಬಸ್ಸಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ಒಂದು ಪಕ್ಕದ ಜಾಹೀರಾತು ಕೂದಲೆಳೆಯಷ್ಟು ಮೇಲಕ್ಕೆ ಸರಿದಿತ್ತು. “ಇದು ಸೊಟ್ಟ ಇದೆ ಅತ್ತೆ, ಇದಕ್ಕೆ ರೇಟು ಕಡಿಮೆ,” ಅಂದ. ನಾನು ಅದನ್ನೇ ನೋಡುತ್ತ ಕುಳಿತೆ. ಅಂಟಿಸುವ ಹೊತ್ತಿನಲ್ಲಿ ಪಕ್ಕದವಳು ಏನೋ ಹೇಳಿರಬೇಕು, ಇವಳು ನಕ್ಕಿರಬೇಕು.

ಹ್ಯಾಕ್ನಿಯ ಕಾರ್ಖಾನೆಯ ದೊಡ್ಡ ಕಟ್ಟಡವನ್ನು 2010ರಲ್ಲಿ ಕೆಡವಿದರು. ಅಲ್ಲೀಗ ಕಾಲುವೆಯ ದಡದಲ್ಲಿ ಮ್ಯಾಚ್‌ಮೇಕರ್ಸ್ ವಾರ್ಫ್ ಎಂಬ ಹೆಸರಿನ ಫ್ಲ್ಯಾಟುಗಳು ಎದ್ದಿವೆ. ಈ ಹೆಸರು ಕೇಳಿ ನಮ್ಮ ಸ್ಟಾಫ್‌ರೂಮಿನ ಇಂಗ್ಲಿಷ್ ಟೀಚರು, ಅದೇನು ಮದುವೆ ದಲ್ಲಾಳಿಗಳ ಕಾಲೋನಿಯೇ ಎಂದು ನಕ್ಕರು. ಫ್ಲ್ಯಾಟುಗಳ ಜೊತೆಗೆ ಚಿತ್ರಕಾರರಿಗೂ ಶಿಲ್ಪಿಗಳಿಗೂ ಬಾಡಿಗೆಗೆ ಕೊಡುವ ಹಲವಾರು ಕೆಲಸದ ಕೋಣೆಗಳು ಅಲ್ಲಿವೆ. ಆ ಜಾಗದಲ್ಲಿ ಮತ್ತೆ ಕೆಲವರು ಕುಂಚ ಹಿಡಿದು ಕುಳಿತಿದ್ದಾರೆ.